ಏಳುವ ಸೇತುವೆಗೆ ಧಡಾ ಕಟ್ಟಿದ್ದು

ನನಗೆ ಚಿಂತೆ ಮಾಡಲು ಕಾರಣ ಬೇಕಾಗುವುದಿಲ್ಲ. ಅಂಗಡಿಗೆ ಕೀಲಿ ಹಾಕಿ ಗಲ್ಲಿಯ ತುದಿ ಮುಟ್ಟಿದವನು ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತೇನೆ. ಮತ್ತೆ ಹೊರಟು, ಜಗ್ಗಿದ್ದರಿಂದಲೇ ಸಡಿಲಾಗಿರಬಹುದೇ ಎಂದು ಇನ್ನೊಮ್ಮೆ ಬರುತ್ತೇನೆ. ಹೀಗಾಗಿ, ಬಬಲೇಶ್ವರದಿಂದ ಬಂದ ಹೆಣ್ಣುಮಗಳೊಬ್ಬರು ಮೇಲೇಳುವ ರೈಲು ಸೇತುವೆಯ ಮಾದರಿ ಮಾಡಿಕೊಡಿ ಎಂದು ಕೇಳಿದ ದಿನವೇ ಹಳೆಯ ಡೈರಿಯಲ್ಲಿ ಚಿಂತೆಗಳ ಪಟ್ಟಿ ಬರೆದುಕೊಂಡೆ. ಮೋಟರು ಸುಟ್ಟರೆ, ಹಗ್ಗ ಹರಿದರೆ, ಗೋಪುರ ವಾಲಿದರೆ, ಒಂದು ಮೂಲೆ ಮೊದಲು ಎದ್ದು ಸೇತುವೆ ಸೊಟ್ಟಗೆ ಸಿಕ್ಕಿಕೊಂಡರೆ, ಹೀಗೆ ಹದಿನೇಳು. ಇದು ಅವರಿಗೆ ಯಾಕೆ ಬೇಕು ಎಂಬುದು ಆ ಹದಿನೇಳರಲ್ಲಿ ಇರಲಿಲ್ಲ.

ನನ್ನ ಅಂಗಡಿ ಇರುವುದು ವಿಜಯಪುರದ ಸ್ಟೇಶನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ. ಶಾಲೆಯ ಪ್ರದರ್ಶನಗಳಿಗೆ ಹೊಗೆಯುಗುಳುವ ಜ್ವಾಲಾಮುಖಿ, ಎಂಜಿನಿಯರುಗಳಿಗೆ ಇನ್ನೂ ಕಟ್ಟದ ಮನೆಗಳ ಮಾದರಿ, ಇಂಥವು ಮಾಡುತ್ತೇನೆ. ಬಂದವರು ನನ್ನ ವಯಸ್ಸಿನವರೇ, ಐವತ್ತರ ಆಚೀಚೆ. ಬಬಲೇಶ್ವರದ ಸಂತೆಯಲ್ಲಿ ಬೆಣ್ಣೆ ಮಾರುವವರು. ಅಕ್ಕಾರು ಎಂದು ಕರೆದೆ, ಅದೇ ಉಳಿಯಿತು. ಚೀಲದಿಂದ ಮಡಿಕೆ ಬಿದ್ದ ಬಣ್ಣದ ಚಿತ್ರವೊಂದನ್ನು ತೆಗೆದು ಮೇಜಿನ ಮೇಲೆ ಅಂಗೈಯಿಂದ ಸವರಿದರು. ಸಮುದ್ರ, ಎರಡು ಉಕ್ಕಿನ ಗೋಪುರ, ನಡುವೆ ಸೇತುವೆ.

"ನಮ್ಮ ತಮ್ಮ ಇಲ್ಲಿ ಕೆಲಸಕ್ಕಿದ್ದ. ಗ್ರೀಸ್ ಹಚ್ಚೂದು, ಬೋಲ್ಟ್ ಬಿಗಿ ಮಾಡೂದು. ಕೆಲಸದ ಮ್ಯಾಲನ ತೀರಿಕೊಂಡ."

"ಯಪ್ಪಾ. ಯಾವಾಗ್ರಿ?"

"ಹೋದ ಸುಗ್ಗಿಯೊಳಗ. ಇದು ಹೆಂಗ ಏಳತೈತಿ ಅನ್ನೂದು ನನಗ ಕಣ್ಣಿಲೆ ನೋಡಬೇಕಾಗೇತಿ. ಖರೇ ಇದ್ದಂಗ ಮಾಡ್ರಿ."

ಖರೇ ಇದ್ದಂಗ ಎಂದು ಎಲ್ಲ ಗಿರಾಕಿಗಳೂ ಹೇಳುತ್ತಾರೆ. ಹಾಗೆಂದರೆ ಸಣ್ಣ ದೀಪ ಹಾಕಿ, ಬಣ್ಣ ಹೊಳೆಯಲಿ ಎಂದು ಅರ್ಥ. ತಮ್ಮನ ನೆನಪಿಗೆ ಪಡಸಾಲೆಯಲ್ಲಿಡಲು ಎಂದು ನಾನೇ ತೀರ್ಮಾನಿಸಿಕೊಂಡೆ. ಹೇಗೆ ತೀರಿಕೊಂಡ ಎಂದು ಕೇಳಲು ಮನಸ್ಸಾಗಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದುಕೊಂಡೆ.

ಅವರು ಹೋದ ಮೇಲೆ ಬಾಜೂ ಅಂಗಡಿಯ ಬೈಂಡರ್ ಚಹಾದ ಕಪ್ಪು ಹಿಡಿದು ಬಂದು ಚಿತ್ರ ನೋಡಿದ.

"ಗಾಡಿ ಇದರ ಮ್ಯಾಲ ಬಂದು ನಿಂದರತೈತಿ, ಇದು ಲಿಫ್ಟಿನಂಗ ಮ್ಯಾಲ ಒಯ್ತೈತಿ. ಮ್ಯಾಲ ಮತ್ತೊಂದು ಸ್ಟೇಶನ್ ಐತೇನು?"

"ಗಾಡಿ ಇಲ್ಲದಾಗ ಏಳತೈತಿಲೇ. ತೆಳಗ ಹಡಗ ದಾಟಬೇಕಲ್ಲ."

"ಹಡಗ! ವಿಜಾಪುರದಾಗ ಕುಂತು ಹಡಗಕ್ಕ ಹಾದಿ ಬಿಡಾಕತ್ತೀಯೇನಪಾ? ಲಗೂನ ಮುಗಸು. ಭೂತನಾಳ ಕೆರಿಗೆ ನಾಳೆ ಒಂದು ಬರೂದೈತಂತ."

ಚಿತ್ರದಿಂದ ಅಳತೆ ಸಿಗಲಿಲ್ಲ. ಅಕ್ಕಾರಿಗೆ ಫೋನ್ ಮಾಡಿದೆ. ತಮ್ಮ ತೆಗೆದ ವಿಡಿಯೊ ಒಂದು ಅವನ ಹೆಂಡತಿಯ ಹತ್ತಿರ ಇದೆ, ಅವಳು ತಿಕೋಟಾದಲ್ಲಿ ತವರುಮನೆಯಲ್ಲಿದ್ದಾಳೆ ಎಂದರು. "ನೀವ ಹೋಗಿ ಕೇಳ್ರಿ. ನಾ ಕೇಳಿದ್ರ ಕೊಡಂಗಿಲ್ಲ."

ಮರುದಿನ ತಿಕೋಟಾಕ್ಕೆ ಹೋದೆ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹತ್ತಾರು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ಕಡ್ಡಿ ಬಿಡಿಸುತ್ತಿದ್ದಳು. ಅಕ್ಕಾರು ಸೇತುವೆ ಮಾಡಿಸುತ್ತಿದ್ದಾರೆ ಎಂದೆ.

"ಮಾಡಸ್ಲಿ," ಎಂದಳು, ಕೈ ನಿಲ್ಲಿಸದೆ. "ಬಾಯಿಲೆ ಮಾಡೂದೆಲ್ಲಾ ಮಾಡಿ ಮುಗಸ್ಯಾರ. ಇನ್ನ ತಗಡಿಲೆ ಮಾಡಸ್ಲಿ."

ನಾದಿನಿ ಅತ್ತಿಗೆಯರ ಜಗಳ ಎಂದುಕೊಂಡು ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಸುಮ್ಮನಾದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. ನಲವತ್ತು ಸೆಕೆಂಡಿನ ವಿಡಿಯೊ. ಕೆಳಗಿನಿಂದ ತೆಗೆದದ್ದು. ಸೇತುವೆ, ನಾಲ್ಕು ಮಂದಿ ನಾಲ್ಕು ಕಾಲು ಹಿಡಿದು ಹೊರಸು ಎತ್ತಿದ ಹಾಗೆ, ಎಲ್ಲೂ ವಾಲದೆ ಮೇಲಕ್ಕೆ ಹೋಗುತ್ತದೆ. ಫೋನು ಅದರ ಬೆನ್ನು ಹತ್ತಿ ಏರುತ್ತದೆ. ಕೊನೆಗೆ ಉಳಿಯುವುದು ಉಕ್ಕು ಮತ್ತು ಆಕಾಶ. ಅಲ್ಲಿ ಒಂದು ಗಂಡಸಿನ ದನಿ: "ನೋಡು ಬೇ, ಎದ್ದಿತು ನೋಡು." ಆ ಜಾಗ ಬರುವ ಮೊದಲೇ ಅವಳು ಮುಖ ಆಚೆ ತಿರುಗಿಸಿದ್ದಳು.

ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಪ್ರಮಾಣ ಹಿಡಿದೆ. ಇದಕ್ಕೆ ಶಾಸ್ತ್ರವೇನಿಲ್ಲ, ನನ್ನ ಲೆಕ್ಕ ತಪ್ಪಬಾರದು ಅಷ್ಟೇ. ಸೇತುವೆ ಅರವತ್ತು ಸೆಂಟಿಮೀಟರ್ ಉದ್ದ, ಗೋಪುರ ಮೂವತ್ತೈದು ಎತ್ತರ. ಎಣ್ಣೆ ಡಬ್ಬಿಗಳ ತಗಡು ಸೀಳಿ ಪಟ್ಟಿ ಮಾಡಿ, ತ್ರಿಕೋನಕ್ಕೆ ತ್ರಿಕೋನ ಕೂಡಿಸಿ ಬೆಸೆದೆ. ಒಂದು ಕೀಲು ಬೆಸೆಯುವಾಗ ಕಾವು ಹರಿದು ಬಾಜೂ ಕೀಲು ಬಿಡುತ್ತದೆ. ಅದನ್ನು ಬೆಸೆದರೆ ಇದು. ಕೊನೆಗೆ ಬೆಸೆದ ಕೀಲಿನ ಮೇಲೆ ಒದ್ದೆ ಅರಿವೆ ಸುತ್ತಿ ಮುಂದಿನದಕ್ಕೆ ಹೋಗುವುದನ್ನು ಕಲಿತೆ. ಗೋಪುರದ ತಲೆಯ ಗಾಲಿಗಳಿಗೆ ಹೊಲಿಗೆ ಯಂತ್ರದ ಬಾಬಿನ್, ಹಗ್ಗಕ್ಕೆ ಮೀನಿನ ಗಾಳದ ನೈಲಾನ್.

ಇಂಥ ಸೇತುವೆಯ ಎರಡೂ ಗೋಪುರಗಳಲ್ಲಿ ಒಂದೊಂದು ಭಾರಿ ಕಾಂಕ್ರೀಟ್ ದಿಂಡು ಇರುತ್ತದೆ. ನಾನು ನೋಡಿದ ನಕ್ಷೆಗಳಲ್ಲೆಲ್ಲ ಇತ್ತು. ಗಾಲಿಯ ಮೇಲೆ ಹಾದ ಹಗ್ಗದ ಒಂದು ತುದಿಗೆ ಸೇತುವೆ, ಇನ್ನೊಂದು ತುದಿಗೆ ಈ ದಿಂಡು. ಎರಡರ ತೂಕ ಸಮ ಇದ್ದರೆ ಮೋಟರಿನ ಕೆಲಸ ಹಗುರ. ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ, ಗೊತ್ತಿತ್ತು. ಆದರೆ ನನ್ನ ಹದಿನೇಳು ಚಿಂತೆಗಳಲ್ಲಿ ನಾಲ್ಕು ಆ ದಿಂಡುಗಳವೇ ಆಗಿದ್ದವು. ಹಾಗಾಗಿ ಕಾರಿನ ಗಾಜು ಒರೆಸುವ ವೈಪರಿನ ಮೋಟರೊಂದನ್ನು ಹಲಗೆಯ ಅಡಿಗೆ ಅಡಗಿಸಿದೆ. ಅದು ಯಾರ ನೆರವಿಲ್ಲದೆ ಸೇತುವೆ ಎತ್ತುತ್ತಿತ್ತು. ದಿಂಡುಗಳನ್ನು ಥರ್ಮೊಕೋಲಿನಲ್ಲಿ ಕೊರೆದು, ಸಿಮೆಂಟ್ ಬಣ್ಣ ಬಳಿದು, ಗೋಪುರದ ನಡುಮಟ್ಟದಲ್ಲಿ ಅಂಟಿಸಿಬಿಟ್ಟೆ. ಬುಡದಲ್ಲಿ ಚಂದಕ್ಕೆ ಮೂರು ಮನುಷ್ಯರ ಗೊಂಬೆ ಇಟ್ಟೆ. ಪ್ರದರ್ಶನಕ್ಕೆ ಬಂದವರು ಮುಂದಿನಿಂದ ನೋಡುತ್ತಾರೆ, ಹೋಗುತ್ತಾರೆ. ಇಷ್ಟು ವರ್ಷ ಹಾಗೇ ನಡೆದಿತ್ತು.

ಐದನೆಯ ವಾರ ಅಕ್ಕಾರು ಬಂದರು. ಗುಂಡಿ ಒತ್ತಿದೆ. ಮೋಟರು ಗುರ್ ಎಂದಿತು, ಸೇತುವೆ ಎದ್ದಿತು. ನಾನು ಅವರ ಮುಖವನ್ನೇ ನೋಡುತ್ತ ನಿಂತೆ, ಹೊಗಳಿಕೆಗೆ. ಅವರು ಮಾದರಿಯ ಹಿಂದಕ್ಕೆ ಹೋಗಿ ಬಗ್ಗಿದರು.

"ಇನ್ನೊಮ್ಮೆ ಮಾಡ್ರಿ."

ಮೂರು ಸಲ ಮಾಡಿಸಿದರು.

"ಸೇತುವಿ ಅಷ್ಟ ಹಂದ್ಯಾಡತೈತೇನ್ರಿ? ಮತ್ತೇನೂ ಇಲ್ಲ?"

"ಸೇತುವಿ ಅಷ್ಟರಿ."

"ತೆಳಗ ಏನೂ ಬರಂಗಿಲ್ಲ?"

ಮನೆಯಲ್ಲಿ ಮಕ್ಕಳ ಮೇಲೆ ಏನಾದರೂ ಕಳಚಿ ಬಿದ್ದೀತು ಎಂದು ಅಂಜುತ್ತಿದ್ದಾರೆ ಅಂದುಕೊಂಡೆ. "ಏನೂ ಬರಂಗಿಲ್ರೀ. ನಿಶ್ಚಿಂತ ಇರ್ರಿ," ಎಂದೆ. ನಾನು, ಈ ಬಾಯಿಂದ, ನಿಶ್ಚಿಂತ ಇರ್ರಿ ಎಂದೆ.

ಅವರು ಸ್ಟೂಲಿನ ಮೇಲೆ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. "ಹಂಗಾದ್ರ ಊರಾಗಿನ ಮಂದಿ ಅಂದದ್ದ ಖರೇ ಆತು," ಎಂದು ಎದ್ದು ಹೊರಟುಹೋದರು. ಸೇತುವೆ ಮೇಜಿನ ಮೇಲೆ ಎದ್ದೇ ನಿಂತಿತ್ತು.

ಆಮೇಲೆ ಹತ್ತು ದಿನ ಫೋನ್ ಎತ್ತಲಿಲ್ಲ. ಬಣ್ಣ ಸೇರಲಿಲ್ಲವೇ, ಗೋಪುರ ಗಿಡ್ಡ ಆಯಿತೇ, ಸ್ಟೂಲಿನ ಮೊಳೆ ಚುಚ್ಚಿತೇ ಎಂದು ಎಲ್ಲ ಯೋಚಿಸಿದೆ. ಸ್ಟೂಲನ್ನು ತಿರುವಿಯೂ ನೋಡಿದೆ. ಬೈಂಡರ್ ಅಂದ: "ಹೋಗಿ ಕೇಳಲೇ. ಬಸ್ಸಿನ್ಯಾಗ ಒಂದು ತಾಸು ಚಿಂತಿ ಮಾಡಾಕ ಜಗಾನೂ ಸಿಗತೈತಿ."

ಸಂತೆಯ ದಿನ ಬಬಲೇಶ್ವರಕ್ಕೆ ಹೋದೆ. ಅಕ್ಕಾರು ತಾಡಪತ್ರಿಯ ನೆರಳಲ್ಲಿ ಬೆಣ್ಣೆಯ ಪಾತೇಲಿ ಮುಂದಿಟ್ಟುಕೊಂಡು ಕೂತಿದ್ದರು, ಕೈಯಲ್ಲಿ ಹಳೆಯ ತಕ್ಕಡಿ. ಗಿರಾಕಿಯೊಬ್ಬಳು ಕೊಟ್ಟ ಖಾಲಿ ಡಬ್ಬಿಯನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಗೆ ಸಣ್ಣ ಹರಳುಕಲ್ಲುಗಳನ್ನು ಒಂದೊಂದಾಗಿ ಹಾಕಿ ಸಮ ಮಾಡುತ್ತಿದ್ದರು. ನಮ್ಮ ಕಡೆ ಇದಕ್ಕೆ ಧಡಾ ಮಾಡುವುದು ಅನ್ನುತ್ತಾರೆ. ಡಬ್ಬಿಯ ತೂಕ ಬೆಣ್ಣೆಯ ತೂಕದಲ್ಲಿ ಸೇರಬಾರದಲ್ಲ.

"ಅಕ್ಕಾರ, ನನ್ನ ಕಡಿಂದ ಏನ ತಪ್ಪಾತು ಹೇಳ್ರಿ."

"ನಿಮ್ಮದೇನ ತಪ್ಪಿಲ್ಲ. ಚಲೋನ ಮಾಡೀರಿ." ಗಿರಾಕಿ ಹೋದ ಮೇಲೆ ತಕ್ಕಡಿ ಹಿಡಿದುಕೊಂಡೇ ಹೇಳಿದರು. ಗುತ್ತಿಗೆ ಕಂಪನಿಯಿಂದ ಎರಡು ಸಾಲಿನ ಕಾಗದ ಬಂದಿತ್ತು. ಸೇತುವೆ ಎತ್ತುವ ವೇಳೆ ಗೋಪುರದ ಬುಡದಲ್ಲಿ ಜಜ್ಜಿ ಮರಣ ಎಂದು ಮಾಸ್ತರರೊಬ್ಬರು ಓದಿ ಹೇಳಿದ್ದರು. ಹೆಣ ಬಂದ ಪೆಟ್ಟಿಗೆ ತೆರೆಯಲು ಯಾರೂ ಬಿಟ್ಟಿರಲಿಲ್ಲ.

"ನಾ ಸಾಲಿ ಕಲತಾಕಿ ಅಲ್ಲ. ಆದ್ರೂ ಅಷ್ಟ ಬುದ್ಧಿ ಐತಿ. ಮ್ಯಾಲ ಹೋಗೂ ಸಾಮಾನು ತೆಳಗ ನಿಂತಾಂವನ್ನ ಹೆಂಗ ಜಜ್ಜತೈತ್ರಿ? ಊರಾಗ ಮಂದಿ ಅಂತಾರ, ಸಮುದ್ರಕ್ಕ ಜಿಗಿದಾನ, ಕಂಪನಿಯವರು ಮುಚ್ಚಿ ಹಾಕ್ಯಾರ ಅಂತ."

"ಯಾಕ ಜಿಗೀತಾನ್ರಿ ಅಂವಾ?"

ತಟ್ಟೆಯಲ್ಲಿದ್ದ ಹರಳುಗಳನ್ನು ಬೆರಳಿನಿಂದ ಆಚೀಚೆ ಸರಿಸಿದರು. "ಹಿಂದಿನ ದಿನ ಫೋನಿನ್ಯಾಗ ನಾ ಬೈದಿದ್ದೆ. ಹೆಂಡ್ತಿನ್ನ ಇಲ್ಲಿ ಒಗದು ಅಲ್ಲಿ ಸಮುದ್ರ ಕಾಯಾಕ ಕುಂತೀ, ನೀ ಇದ್ದರೇನು ಸತ್ತರೇನು ಅಂದಿದ್ದೆ. ಅಕಿ ಬಾಜೂಕ ಕುಂತು ಕೇಳ್ಯಾಳ. ಅವತ್ತಿಂದ ನನ್ನ ಮಾರಿ ನೋಡಿಲ್ಲ. ನಿಮ್ಮ ಸೇತುವಿ ನೋಡಿದ್ರ ತಿಳೀತೈತಿ ಅನಕೊಂಡಿದ್ದೆ. ತಿಳೀತು."

ಅವರ ಕೈಯಲ್ಲಿ ಹರಳಿನ ತಟ್ಟೆ ಕೆಳಗಿತ್ತು, ಖಾಲಿ ತಟ್ಟೆ ಮೇಲಿತ್ತು.

"ತೆಳಗ ಬರತೈತ್ರಿ ಅಕ್ಕಾರ! ಎರಡು ದಿಂಡ ಇರತಾವ. ಸೇತುವಿ ಮ್ಯಾಲ ಹೋದಂಗ ಅವು ತೆಳಗ ಬರತಾವ. ಧಡಾ ಇದ್ದಂಗ. ನಾನ ಅವನ್ನ ಅಂಟಿಸಿಬಿಟ್ಟಿದ್ದೆ," ಎಂದು ತೊದಲಿದೆ. ಫೋನಿನಲ್ಲಿ ನಕ್ಷೆ ತೋರಿಸಿದೆ. ಅವರು ನೋಡಿದರು, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಬಿಡ್ರಿ. ಈಗ ನನ್ನ ಕಥಿ ಕೇಳಿ ನನ್ನ ಸಮಾಧಾನಕ್ಕ ಹೇಳಾಕತ್ತೀರಿ. ಅವತ್ತ ನಿಮಗ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಮಾಡಿದ್ದ ಖರೇ ಇರತೈತಿ."

ಬಸ್ಸಿನಲ್ಲಿ ಬೈಂಡರ್ ಹೇಳಿದ್ದ ಜಾಗ ಸಿಕ್ಕಿತು, ಪೂರ್ತಿ ಬಳಸಿಕೊಂಡೆ. ನನ್ನ ಮಾತು ನಡೆಯುವುದಿಲ್ಲ. ನನ್ನ ಸುಳ್ಳು ಆಗಲೇ ನಡೆದುಬಿಟ್ಟಿದೆ. ಇನ್ನು ಮಾದರಿಯನ್ನೇ ಮತ್ತೆ ಮಾಡಬೇಕು. ಅದೂ ಹೇಗೆಂದರೆ, ಒಳಗೆ ಏನೂ ಅಡಗಿಲ್ಲ ಎಂದು ಅವರ ಕೈಗೇ ತಿಳಿಯುವಂತೆ. ಆದರೆ ಸರಿಯಾಗಿ ಮಾಡಿದರೆ ಆ ಮನುಷ್ಯ ಸತ್ತ ರೀತಿಯನ್ನು ಅವನ ಅಕ್ಕನ ಕಣ್ಣೆದುರು ನಡೆಸಿ ತೋರಿಸಿದಂತೆ. ಇಷ್ಟು ದಿನ ಏಳದಿದ್ದರೆ ಎಂದು ಅಂಜಿದವನು ಈಗ ಎದ್ದರೆ ಎಂದು ಅಂಜಿದೆ. ಅಂಗಡಿ ಮುಟ್ಟುವುದರೊಳಗೆ ಮೋಟರು ತೆಗೆಯುವುದೆಂದು ನಿರ್ಧರಿಸಿದ್ದೆ. ಮೋಟರು ಇದ್ದರೆ ಎಂಥ ತೂಕವೂ ಸುಳ್ಳು ಹೇಳಬಹುದು. ಅದಿಲ್ಲದೆ ಸೇತುವೆ ಏಳಬೇಕಾದರೆ ಎರಡೂ ಕಡೆ ಸಮ ಇರಲೇಬೇಕು.

ಸೇತುವೆಯನ್ನು ಬಿಚ್ಚಿ ತೂಗಿದೆ: ಎಂಟುನೂರ ನಲವತ್ತು ಗ್ರಾಂ. ಒಂದೊಂದು ದಿಂಡು ನಾನೂರ ಇಪ್ಪತ್ತು ಆಗಬೇಕು. ರಟ್ಟಿನ ಅಚ್ಚಿನಲ್ಲಿ ಸಿಮೆಂಟ್ ಸುರಿದು, ಕಡೆದು, ಉಜ್ಜಿ ಸರಿಯಾಗಿ ಅಷ್ಟಕ್ಕೆ ತಂದೆ. ಕಟ್ಟಿದೆ, ಸಮ ನಿಂತಿತು. ಮೂರನೆಯ ದಿನ ಸೇತುವೆ ಜಪ್ಪಯ್ಯ ಎಂದರೂ ಏಳಲೊಲ್ಲದು. ದಿಂಡು ತೂಗಿದರೆ ಹದಿನೆಂಟು ಗ್ರಾಂ ಕಡಿಮೆ. ಸಿಮೆಂಟಿನ ನೀರು ಆರಿತ್ತು. ಹಸಿ ಸಿಮೆಂಟನ್ನು ನಂಬಿ ತೂಕ ಮಾಡುವ ಜಗತ್ತಿನ ಏಕೈಕ ಮಾದರಿಗಾರ ನಾನೇ ಇರಬೇಕು. ಎರಡು ವಾರ ಬಿಸಿಲಿಗೆ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ದಿಂಡಿನ ತಲೆಯಲ್ಲಿ ಸಣ್ಣ ಗುಂಡಿ ಕೊರೆದು, ಕೊರತೆಯಷ್ಟು ಸೀಸದ ಗುಂಡು ತುಂಬಿದೆ.

ಆಗ ನೈಲಾನ್ ಹಗ್ಗ ಹಿಗ್ಗತೊಡಗಿತು. ಸಂಜೆ ಸಮ ಇದ್ದ ಸೇತುವೆ ಬೆಳಿಗ್ಗೆ ಒಂದು ಕಡೆ ತೂಗುಬಿದ್ದಿರುತ್ತಿತ್ತು. ಉಕ್ಕಿನ ಸಣ್ಣ ತಂತಿಗೆ ಬದಲಾಯಿಸಿದರೆ ಅದು ಬಾಬಿನ್ನಿನ ಸಣ್ಣ ಸುತ್ತಿಗೆ ಬಾಗದೆ ಮುರುಟಿತು. ತೊರವಿ ಹಾದಿಯ ಲೇತ್ ಕೆಲಸದವನಿಂದ ಎಂಟು ದೊಡ್ಡ ಹಿತ್ತಾಳೆ ಗಾಲಿ ಮಾಡಿಸಿದೆ. ಥರ್ಮೊಕೋಲ್ ಹೊತ್ತು ಸುಖವಾಗಿದ್ದ ಗೋಪುರಗಳು ನಿಜವಾದ ತೂಕ ಬಿದ್ದ ಕೂಡಲೇ ಒಂದನ್ನೊಂದು ನೋಡಿ ಬಾಗಿದವು. ಒಳಗಿನಿಂದ ಆನಿಕೆ ಕೊಟ್ಟೆ. ನಾಲ್ಕು ಮೂಲೆ ಒಟ್ಟಿಗೆ ಏಳಲು ಎರಡೂ ಗೋಪುರಗಳ ಗಾಲಿಗಳನ್ನು ಒಂದೇ ಸಲಾಕೆಗೆ ಜೋಡಿಸಿ, ಅದರ ತುದಿಗೆ ಕೈಹಿಡಿ ಹಾಕಿದೆ. ಕಡೆಗೆ ಒಂದು ಮಧ್ಯಾಹ್ನ ಆ ಹಿಡಿಯನ್ನು ಕಿರುಬೆರಳಿನಿಂದ ದೂಡಿದರೆ ಇಡೀ ಸೇತುವೆ ಸಪ್ಪಳವಿಲ್ಲದೆ ಎದ್ದಿತು. ಹಲಗೆಯ ಅಡಿ ತೆರೆದೇ ಬಿಟ್ಟೆ. ಮನುಷ್ಯರ ಗೊಂಬೆಗಳನ್ನು ಮಾತ್ರ ಕಿತ್ತು ಡಬ್ಬಿಯಲ್ಲಿಟ್ಟೆ.

ತಿಕೋಟಾಕ್ಕೆ ಫೋನ್ ಮಾಡಿ, ಬಬಲೇಶ್ವರಕ್ಕೆ ಬರ್ರಿ, ನೀವೂ ನೋಡಬೇಕು ಎಂದೆ. "ನೋಡೂಣು," ಎಂದಳು. ಗೋಪುರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಟಂಟಂ ಗಾಡಿಯಲ್ಲಿ ಹೊರಟೆ. ಉಬ್ಬು ಬಂದಲ್ಲೆಲ್ಲ ಗಾಡಿಯವನ ಹೆಗಲು ಹಿಡಿದೆ. ಮೂರನೆಯ ಉಬ್ಬಿಗೆ ಅವನು, "ನೀವ ಇಳದು ಎತಗೊಂಡ ಬರ್ರಿ ಸಾಹೇಬ್ರ, ನಾ ಹಿಂದ ಬರ್ತೇನಿ," ಎಂದ.

ಅಕ್ಕಾರು ಬೇಡ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅಂಗಳದ ಕಟ್ಟೆಯ ಮೇಲೆ ಜೋಡಿಸಿದೆ. ಅಷ್ಟರಲ್ಲಿ ತಿಕೋಟಾದಿಂದ ಬಂದವಳು ಹೊರಬಾಗಿಲ ಹತ್ತಿರ ಚಪ್ಪಲಿ ಬಿಡದೆ ನಿಂತಳು. ಹಿಡಿ ತಿರುಗಿಸಿದೆ, ಏಳಲಿಲ್ಲ. ದಿಂಡಿನ ತಲೆ ನೋಡಿದರೆ ಸೀಸದ ಗುಂಡುಗಳಿಲ್ಲ. ಉಬ್ಬುಗಳು ನುಂಗಿದ್ದವು. ಪಟ್ಟಿಯಲ್ಲಿ ಇದೂ ಇರಲಿಲ್ಲ.

"ಏನಾತು?" ಎಂದರು ಅಕ್ಕಾರು.

"ಧಡಾ ತಪ್ಪೇತ್ರಿ."

ಅವರು ನನ್ನನ್ನು ನೋಡಿದರು. ಒಳಗೆ ಹೋಗಿ ತಮ್ಮ ಹರಳಿನ ಚೀಲ ತಂದು ಕಟ್ಟೆಯ ಮುಂದೆ ಕುಕ್ಕರಿಸಿದರು. ಎರಡೂ ದಿಂ‍ಡುಗಳ ಗುಂಡಿಗೆ ಒಂದೊಂದೇ ಹರಳು ಹಾಕುತ್ತ, ಬೆರಳಿನಿಂದ ಸೇತುವೆಯ ಅಂಚನ್ನು ಮುಟ್ಟಿ ನೋಡುತ್ತ ಹೋದರು. ಒಂದು ಹರಳು ತೆಗೆದು ಅದಕ್ಕಿಂತ ಸಣ್ಣದು ಹಾಕಿದರು. ನಾನು ವಾರಗಟ್ಟಲೆ ತೂಗಿದ್ದನ್ನು ಎರಡು ನಿಮಿಷದಲ್ಲಿ ಮುಗಿಸಿ, "ಆತು," ಎಂದರು. ಹಲಗೆಯ ಅಡಿಗೆ ಕೈ ಹಾಕಿ ಸವರಿ ನೋಡಿದರು. ಆಮೇಲೆ ತಾವೇ ಹಿಡಿ ತಿರುಗಿಸಿದರು.

ಸೇತುವೆ ಎದ್ದಿತು. ಬೆಳಗಿನ ಬಿಸಿಲು ತಗಡಿನ ಮೇಲೆ ಬಿದ್ದು, ಅದು ಏರಿದಂತೆ ಬೆಳಕಿನ ಪಟ್ಟಿ ಗೋಡೆಯ ಮೇಲೂ ಏರಿತು. ಸೇತುವೆ ಗೋಪುರದ ತುದಿ ಮುಟ್ಟಿ ನಿಂತಿತು. ಅಕ್ಕಾರ ಕೈ ಹಿಡಿಯ ಮೇಲೇ ಇತ್ತು, ಅವರ ಕಣ್ಣು ಬುಡದಲ್ಲಿತ್ತು. ಅಲ್ಲಿ ದಿಂಡು ಹಲಗೆಗೆ ತಾಗಿ ಕೂತಿತ್ತು, ಬೆರಳು ತೂರುವಷ್ಟೂ ಜಾಗ ಇಲ್ಲದಂತೆ.

"ತಕ್ಕಡಿಗೆ ಎರಡನೇ ತಟ್ಟಿ ಇತ್ತು," ಎಂದರು. ದಿಂಡಿನ ತಲೆಯ ಹರಳನ್ನು ಬೆರಳಿನಿಂದ ಮುಟ್ಟಿ, "ಹುಟ್ಟಿದಾಗಿಂದ ತೂಗಾಕತ್ತೇನಿ. ನನಗ ಹೊಳೀಲಿಲ್ಲ."

ಬಾಗಿಲಲ್ಲಿದ್ದವಳು ಹತ್ತಿರ ಬಂದಿದ್ದಳು. ದಿಂಡನ್ನು ನೋಡಿದಳು, ಮೇಲೆ ನೋಡಿದಳು, ನನ್ನನ್ನು ಕೇಳಿದಳು: "ಇಷ್ಟ ಸಾವಕಾಶ ಬರತೈತಲ್ರಿ. ಓಡೂದ ಬ್ಯಾಡ, ಒಂದ ಹೆಜ್ಜಿ ಸರದಿದ್ರ ಸಾಕಾಗಿತ್ತು. ಯಾಕ ಸರೀಲಿಲ್ಲ ಅಂವಾ?"

ಸಪ್ಪಳವಿಲ್ಲದಂತೆ ಮಾಡಿದ್ದೇನೆ ಎಂದು ಹೆಮ್ಮೆಪಟ್ಟದ್ದು ನೆನಪಾಗಿ ನಾಚಿಕೆಯಾಯಿತು. "ಗೊತ್ತಿಲ್ರಿ ತಂಗಿ," ಎಂದೆ. ಅವಳು ಕೇಳದೆ ಉಳಿಸಿದ ಮಾತು ಅಂಗಳದಲ್ಲಿ ನಿಂತಿತ್ತು: ಬೇಕೆಂತಲೇ ಸರಿಯಲಿಲ್ಲವೇನು?

"ಈಗ ನೀ ಏನ ನೋಡಿದೀ?" ಎಂದರು ಅಕ್ಕಾರು ಅವಳಿಗೆ. ಮೊದಲ ಬಾರಿ ಅವಳ ಮುಖ ನೋಡಿ ಮಾತಾಡಿದ್ದು.

"ಏನಂದ್ರ?"

"ನಾ ಹಿಡಿ ತಿರುವುವಾಗ. ಏನ ನೋಡಾಕತ್ತಿದ್ದಿ?"

"ಸೇತುವಿ."

"ನೀವರಿ?"

"ಸೇತುವಿನರಿ," ಎಂದೆ. ಅದನ್ನು ಕಟ್ಟಿದವನು, ದಿಂಡು ಎಲ್ಲಿ ಇಳಿಯುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲವನು, ನಾನೂ ಅತ್ತಲೇ ನೋಡುತ್ತ ನಿಂತಿದ್ದೆ.

"ನಾನೂ ಅರ್ಧಾ ಏಳೂತನಾ ಅದನ್ನ ನೋಡಿದೆ. ಅಷ್ಟ ದೊಡ್ಡದು ಕಣ್ಣ ಮುಂದ ಏಳಾಕತ್ತಿದ್ರ ಬೆನ್ನ ಹಿಂದ ಯಾರ ನೋಡತಾರ ಬೇ?" ಅಕ್ಕಾರು ಹಿಡಿಯಿಂದ ಕೈ ತೆಗೆದರು. "ಅಂವಾ ಜಿಗಿದಿಲ್ಲ. ನಿಂತು ನೋಡಾಕತ್ತಿದ್ದ."

ಅವಳು ಚಪ್ಪಲಿ ಬಿಟ್ಟು ಕಟ್ಟೆಯ ಅಂಚಿಗೆ ಕೂತಳು. ಯಾರೂ ಅಳಲಿಲ್ಲ, ಅತ್ತಿದ್ದರೆ ನನಗೆ ಎದ್ದು ನೀರು ತರುವ ಕೆಲಸವಾದರೂ ಇರುತ್ತಿತ್ತು. ಅವಳು ಕೈ ಚಾಚಿ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಸೇತುವೆ ಇಳಿಸಿದಳು.

"ಇನ್ನೊಮ್ಮೆ," ಎಂದಳು, ತನಗೇ.

ಈ ಸಲ ಮೂವರೂ ದಿಂಡನ್ನು ನೋಡಿದೆವು. ಅದು ಗೋಪುರದ ಕಾಲುಗಳ ನಡುವೆ, ಅಕ್ಕಾರ ಹರಳುಗಳನ್ನು ತಲೆಯ ಮೇಲೆ ಹೊತ್ತುಕೊಂಡು, ಅವಸರವಿಲ್ಲದೆ ಇಳಿದು ಬಂದು ಕೂತಿತು. ಸೇತುವೆ ಯಾವಾಗ ಮೇಲೆ ಮುಟ್ಟಿತೋ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ.